ಹಳ್ಳದ ಮೇಲಿನ ಏರುದಾರಿ

ನಿನ್ನೆ ಸಂಜೆಯಿಂದ ನಮ್ಮ ಪಡಸಾಲೆಯ ತುಂಬ ಹೊಸ ರಬ್ಬರಿನ ವಾಸನೆ. ಮಗ, ಸೊಸೆ ಸೇರಿ ನನಗೊಂದು ಟ್ರೆಡ್‌ಮಿಲ್ ತರಿಸಿದ್ದಾರೆ. ಬರ್ತ್‌ಡೇ ಗಿಫ್ಟ್. ಕಿಟಕಿಯ ಪಕ್ಕದಲ್ಲಿ ಎಮ್ಮೆಯೊಂದು ಮೆಲುಕು ಹಾಕುತ್ತ ಮಲಗಿದ ಹಾಗಿದೆ. ಪ್ಲಗ್ ಚುಚ್ಚಿದರೆ ಗುಂಯ್ ಅನ್ನುತ್ತದೆ.

"ಇನ್ನ ಬಿಸಲಂತಿಲ್ಲ, ಮಳಿ ಅಂತಿಲ್ಲ ನೋಡ್ರಿ ಅತ್ತ್ಯಾರ. ಟೀವಿ ನೋಡ್ಕೋತ ನಡೀಬಹುದು," ಎಂದಳು ಸೊಸೆ ಸ್ಮಿತಾ.

"ಎಲ್ಲಿಗೆ ಹೋಗತೈತಿ ಇದು?"

"ಎಲ್ಲಿಗೂ ಹೋಗಂಗಿಲ್ರಿ."

"ಮತ್ತ ನಾ ಯಾಕ ನಡೀಲಿ?"

ಮಗ ಪೇಪರಿನ ಹಿಂದಿನಿಂದಲೇ, "ಮಮ್ಮಿ, ಗಿಫ್ಟ್ ಕೊಟ್ರ ಥ್ಯಾಂಕ್ಯೂ ಅಂತಾರ. ಅದನ್ನ ನೀನ ಕಲಿಸೀದಿ," ಎಂದ. ಕಲಿಸಿದ್ದು ಖರೇ. ಥ್ಯಾಂಕ್ಯೂ ಹೇಳಿದೆ. ಹತ್ತಲಿಲ್ಲ.

ಈ ಎಮ್ಮೆ ಮನೆಗೆ ಬಂದದ್ದಕ್ಕೆ ಕಾರಣವಿದೆ. ಧಾರವಾಡದ ಅಂಚಿನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹಳ್ಳದ ದಂಡೆಗುಂಟ ಒಂದು ಕಾಡು ಪಾರ್ಕು. ನಾವು ಆ ಹಳ್ಳವನ್ನು ನದಿ ಎನ್ನುತ್ತೇವೆ. ಶಾಲ್ಮಲೆಗೆ ಸೇರುವ ನೀರು ಎಂಬ ದೊಡ್ಡಸ್ತಿಕೆ ನಮಗೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಒಂದು ಕೊಡ ತುಂಬಲಿಕ್ಕೂ ಅದು ಯೋಚನೆ ಮಾಡುತ್ತದೆ. ಕಳೆದ ಮಳೆಗಾಲದಲ್ಲಿ ಆ ಪಾರ್ಕಿನ ಏರುದಾರಿಯಲ್ಲಿ ರಿಟೈರ್ಡ್ ಪ್ರೊಫೆಸರ್ ಒಬ್ಬರು ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಪಾಪ, ಮೊಬೈಲಿನಲ್ಲಿ ನವಿಲಿನ ಫೋಟೋ ತೆಗೆಯುತ್ತಿದ್ದರು. ಜಾರಿದ್ದು ಮೊಬೈಲಿನಿಂದ, ಶಿಕ್ಷೆ ವಯಸ್ಸಿಗೆ. ಪಾರ್ಕಿನ ಕಮಿಟಿಯವರು ಬೋರ್ಡ್ ಬರೆಸಿದರು: ಅರವತ್ತು ದಾಟಿದವರು ಕೆಳಗಿನ ಟ್ರ್ಯಾಕನ್ನು ಮಾತ್ರ ಬಳಸತಕ್ಕದ್ದು. ನಾನು ಅರವತ್ತು ದಾಟಿ ಎಷ್ಟೋ ಕಾಲವಾಯಿತು. ಆ ಲೆಕ್ಕ ಬಿಡಿ.

ನೀವು ಆ ಪಾರ್ಕಿಗೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಕೆಳಗಿನ ಟ್ರ್ಯಾಕಿಗೆ ಸಿಮೆಂಟಿನ ಹಾಸು, ಪಕ್ಕದಲ್ಲಿ ಕಸದ ಡಬ್ಬಿಯಾಗಿ ನಿಂತ ಪೆಂಗ್ವಿನ್. ಸುತ್ತಿ ಸುತ್ತಿ ಪೆಂಗ್ವಿನ್ನಿನ ಮುಂದೆಯೇ ಬಂದು ನಿಲ್ಲುತ್ತೀರಿ. ಎರಡನೆಯದು ನೀರಿನ ಅಂಚಿನ ದಾರಿ. ಹೊಂಗೆಯ ನೆರಳು, ಕಾಲಿಗೆ ತಣ್ಣಗೆ ಹತ್ತುವ ಕೆಸರು, ಮನಸ್ಸಿಗೆ ಬೇಸರವಾದವರಿಗೆ ಛಲೋ. ನನ್ನದು ಮೂರನೆಯದು, ಏರುದಾರಿ. ಕೆಂಪು ಮಣ್ಣು, ಸಾಗವಾನಿಯ ಒಣಗಿದ ಎಲೆ ಹಪ್ಪಳದ ಹಾಗೆ ಕಾಲ ಕೆಳಗೆ ಮುರಿಯುತ್ತದೆ. ಬಿದಿರ ಮೆಳೆ ದಾಟಿದ ಮೇಲೆ ದಾರಿ ಸ್ವಲ್ಪ ಸಮನಾಗುತ್ತದೆ, ಅಲ್ಲಿ ಓಡಬಹುದು. ಹೌದು, ನಾನು ಓಡುತ್ತೇನೆ. ನೋಡಿದವರು ಅದನ್ನು ಓಟ ಎನ್ನಲಿಕ್ಕಿಲ್ಲ. ಬಸ್ಸು ತಪ್ಪೀತೆಂದು ಅವಸರ ಮಾಡುವ ಹೆಂಗಸಿನಂತೆ ಕಾಣುತ್ತೇನಂತೆ. ಕಾಣಲಿ.

ಓಡಲು ನನಗೆ ಯಾರೂ ಕಲಿಸಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ್ದು ನಡೆಯಲು. ತಲೆಯ ಮೇಲೆ ಪುಸ್ತಕ ಇಟ್ಟುಕೊಂಡು, ಗದ್ದ ಎತ್ತಿ, ವರಾಂಡದ ಈ ತುದಿಯಿಂದ ಆ ತುದಿಗೆ. "ಯಂಗ್ ಲೇಡೀಸ್ ಡು ನಾಟ್ ಗ್ಯಾಲಪ್," ಎನ್ನುತ್ತಿದ್ದರು ಸಿಸ್ಟರ್. ಗ್ಯಾಲಪ್ ಎಂದರೇನೆಂದು ಡಿಕ್ಷನರಿಯಲ್ಲಿ ಹುಡುಕಿ, ಅದು ಕುದುರೆಯ ಓಟವೆಂದು ತಿಳಿದಾಗ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೂ ಮದುವೆಯಾಗುವ ಹೊತ್ತಿಗೆ ನಾನು ಪೂರ್ತಿ ಲೇಡಿ ಆಗಿಬಿಟ್ಟಿದ್ದೆ.

ಗಂಡನ ಮನೆ ಹತ್ತಿ ವ್ಯಾಪಾರದವರದು. ತುಂಬಿದ ಮನೆ, ಕಟ್ಟುನಿಟ್ಟಾದ ಶಿವಪೂಜೆ. ಸೊಸೆಯರು ಹೊಸ್ತಿಲು ದಾಟಬೇಕಾದರೆ ಕಾರಣ ಹೇಳಬೇಕು. ನಮ್ಮ ಅತ್ತೆಯವರದು ಹೆಬ್ಬಳ್ಳಿಯ ತವರು, ಹೊಲದ ಬದುವಿನ ಮೇಲೆ ಬೆಳೆದ ಕಾಲು. ಅವರು ದಿನಾ ನಸುಕಿನಲ್ಲಿ ಬುಟ್ಟಿ ಹಿಡಿದು ಹಳ್ಳದ ಕಡೆಗೆ ಹೊರಡುತ್ತಿದ್ದರು, ಪೂಜೆಗೆ ಪತ್ರಿ ತರಲು. ಪತ್ರಿಗೆ ಹೋಗುವವರನ್ನು ನಮ್ಮಲ್ಲಿ ಯಾರೂ ತಡೆಯುವುದಿಲ್ಲ. ಆಗ ಅಲ್ಲಿ ಪಾರ್ಕೂ ಇಲ್ಲ, ಗೇಟೂ ಇಲ್ಲ, ಬರೀ ಕಾಡು. ಆದರೆ ಸೋಜಿಗ ಕೇಳಿ: ನಮ್ಮ ಹಿತ್ತಲಲ್ಲೇ ಒಂದು ದೊಡ್ಡ ಬಿಲ್ವಪತ್ರಿಯ ಗಿಡವಿತ್ತು.

"ಹಿತ್ತಲದಾಗ ಗಿಡ ಇಟ್ಕೊಂಡು ಅಷ್ಟ ದೂರ ಯಾಕ ಹೋಗ್ತಿ?" ಎಂದು ಮಾವನವರು ಒಮ್ಮೆ ಕೇಳಿದರು.

ಅತ್ತೆಯವರು ಒಂದು ಎಲೆ ತಂದು ಬೆಳಕಿಗೆ ಹಿಡಿದರು. "ತೂತ ನೋಡ್ರಿ. ಹುಳಾ ಹತ್ತೈತಿ. ಇಂಥಾದ್ದನ್ನ ದೇವರಿಗೆ ಏರಸ್ತೀರೇನು?"

ಮಾವನವರು ಕನ್ನಡಕ ಏರಿಸಿ ನೋಡಿದರು. "ಭಾಳ ಶಿಸ್ತಿನ ಹುಳಾ ಬಿಡು. ಎಲ್ಲಾ ತೂತು ಒಂದ ಅಳತಿ ಅದಾವು."

"ದೇವರ ವಿಷಯದಾಗ ಅನುಮಾನ ಬ್ಯಾಡ್ರಿ," ಎಂದು ಅತ್ತೆಯವರು ಬುಟ್ಟಿ ಎತ್ತಿಕೊಂಡರು. ಆ ಹುಳವನ್ನು ನಾನು ಕಂಡಿದ್ದೆ. ಹಿಂದಿನ ಸಂಜೆ ಹಿತ್ತಲಲ್ಲಿ ನಿಂತು, ಸೆರಗಿನ ಪಿನ್ನಿನಿಂದ ಅವರು ಕೈಗೆಟುಕಿದ ಎಲೆಗಳನ್ನೆಲ್ಲ ಚುಚ್ಚುತ್ತಿದ್ದರು. ನನ್ನನ್ನು ನೋಡಿ ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡು, "ನಾಳಿಂದ ನೀನೂ ಬಾ. ಬುಟ್ಟಿ ಹಿಡ್ಯಾಕ ಒಬ್ಬರು ಬೇಕು," ಎಂದರು.

ಬಿದಿರ ಮೆಳೆಯವರೆಗೆ ನಾವು ಅತ್ತೆ-ಸೊಸೆ. ಅಲ್ಲಿ ಅವರು ಹಿಂದೆ ಮುಂದೆ ನೋಡಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಬುಟ್ಟಿಯನ್ನು ನನ್ನ ಕೈಗೆ ತುರುಕಿ ಓಡಿಬಿಟ್ಟರು. ನಾನು ಬೆಪ್ಪಾಗಿ ನಿಂತೆ. ತಿರುವಿನಿಂದ ದನಿ ಬಂತು: "ಏ ಇಂಗ್ಲಿಷ್! ಕಾಲಾಗೂ ಬಳಿ ಹಾಕ್ಕೊಂಡೀಯೇನ?" ನಾನೂ ಓಡಿದೆ. ಚಪ್ಪಲಿ ಕಿತ್ತಿತು, ಕೂದಲು ಬಿಚ್ಚಿತು. ಏರಿನ ತುದಿಯ ಬಂಡೆಯ ಮೇಲೆ ಇಬ್ಬರೂ ಕೂತು, ಮಾತು ಹೊರಡದೆ ನಕ್ಕೆವು.

ಬಹಳ ವರ್ಷ ಹಾಗೆ ಹೋದೆವು. ಒಮ್ಮೆ ಆ ಬಂಡೆಯ ಮೇಲೆ, ಪತ್ರಿಯ ದಳಗಳನ್ನು ಒಪ್ಪ ಮಾಡುತ್ತ, ಅವರು ನನ್ನ ಕಡೆ ನೋಡದೆ ಅಂದರು: "ಒಂದ ದಿನಾನಾದ್ರೂ ಸುಮ್ನ ಬರಬೇಕು ನೋಡ. ಎಲ್ಲಿಗೆ ಹೊಂಟಿ ಅಂತ ಕೇಳಿದ್ರ, ಓಡಾಕ ಹೊಂಟೇನಿ ಅನ್ನಬೇಕು. ಬಾಯಿ ತನಕ ಬರತೈತಿ." ಆ ಮಾತು ಅವರ ಬಾಯಿ ದಾಟಲೇ ಇಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಹಿತ್ತಲ ಗಿಡದ ಎಲೆಯೇ ದೇವರಿಗೆ ಸಾಕಾಯಿತು. ಅವರು ತೀರಿಕೊಂಡಾಗ ಬಂದವರೆಲ್ಲ ಅವರ ಭಕ್ತಿಯನ್ನು ಹೊಗಳಿದರು. ಮಾವನವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

ಇಂದು ಬೆಳಿಗ್ಗೆ ನಾನು ಹೊರಟಾಗ ಸ್ಮಿತಾ ಬಾಗಿಲಲ್ಲಿ ನಿಂತಿದ್ದಳು. "ಕೆಳಗಿನ ಟ್ರ್ಯಾಕಿಗೆ ಹೌದಲ್ರಿ?"

"ಅಲ್ಲ," ಎಂದೆ. "ಬಿದ್ರ ನನ್ನ ಎಲುಬು ಮುರೀತಾವು. ಅವು ನನ್ನವು." ಸ್ಮಿತಾ ಒಳಗೆ ಹೋಗಿ ನನ್ನ ಮೊಬೈಲ್ ತಂದು ಕೈಗಿಟ್ಟಳು. "ಇದನ್ನರ ತೊಗೊಂಡು ಹೋಗ್ರಿ. ನವಲಿನ ಫೋಟೋ ಮಾತ್ರ ತಗೀಬ್ಯಾಡ್ರಿ."

ಏರುದಾರಿಯ ಬಾಯಿಗೆ ಈಗೊಂದು ಕಬ್ಬಿಣದ ಗೇಟು, ಅಲ್ಲೊಬ್ಬ ವಾಚ್‌ಮನ್. ಒಳ್ಳೆಯ ಮನುಷ್ಯ. ಬೋರ್ಡ್ ತೋರಿಸಿದ. ಓದಿದ್ದೇನೆ ಎಂದೆ. ಕಸಿವಿಸಿಯಿಂದ ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದ: "ಅಮ್ಮಾರ, ಪೂಜಿಗೆ ಪತ್ರಿ ತರೋರಿಗೆ ನಾವು ಇಲ್ಲ ಅನ್ನಂಗಿಲ್ರಿ. ಪತ್ರಿಗೆ ಹೊಂಟೇನಿ ಅಂತ ಒಂದ ಮಾತು ಅನ್ರಿ ಸಾಕು. ಬಿಟ್ಟಬಿಡ್ತೇನಿ."

ಎಷ್ಟು ಸುಲಭ! ಹೂಂ ಎಂದರೆ ಅವನೂ ಬಚಾವು, ನಾನೂ ಬಚಾವು, ಕಮಿಟಿಯ ಮಾನವೂ ಉಳಿಯುತ್ತದೆ.

"ಪತ್ರಿಗಲ್ಲಪ್ಪಾ," ಎಂದೆ. "ಓಡಾಕ."

ಅವನು ನನ್ನ ಬೂಟು ನೋಡಿದ, ಬಿಳಿ ಕೂದಲು ನೋಡಿದ. ನಾನು ಗೇಟಿನ ಚಿಲಕ ತೆಗೆದೆ. ಅವನು ತಡೆಯಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕೂಗಿದ: "ಅಮ್ಮಾರ! ಸಾಹೇಬರು ಕೇಳಿದ್ರ ಏನ್ ಹೇಳ್ಲಿರೀ?"

"ಮುದುಕಿ ಓಡಾಕ ಹೋಗ್ಯಾಳ ಅಂತ ಹೇಳು. ಜೋರಾಗಿ ಹೇಳು!"

ಇನ್ನೂ ಏನೋ ಹೇಳುವುದಿತ್ತು. ಆದರೆ ಏರು ಶುರುವಾಗಿತ್ತು, ಉಸಿರು ಅದಕ್ಕೇ ಬೇಕಾಗಿತ್ತು.