ಬಾಗಿಲ ಪಕ್ಕದ ಕೆಂಪು ನಂಬರು

ಆ ಮಳೆಗಾಲ ನಮ್ಮ ಕೆಳಗಿನ ಕೇರಿಗೆ ಮಾರಿ ಬಂದಿರಲಿಲ್ಲ. ಬಂದದ್ದು ಚಳಿಜ್ವರ. ಅದನ್ನು ಒಳಗೆ ಬಿಟ್ಟುಕೊಂಡವರು ನಾವೇ ಹೆಂಗಸರು, ಸಗಣಿ ಕಲಸಿದ ಕೈಯಲ್ಲಿ. ಮೊದಲ ಕೈ ನನ್ನದು.

ಊರಿನಲ್ಲಿ ಈಗ ಬೇರೆ ಕತೆ ನಡೆಯುತ್ತದೆ. ಮಾರಿ ಮೇಲಿನ ಕೇರಿಯನ್ನು ಮುಟ್ಟದೆ ಕೆಳಗಿನ ಕೇರಿಗೆ ಮಾತ್ರ ಇಳಿದಳಂತೆ, ಹೊಳೆಯಾಚೆಯಿಂದ ಬಂದ ನಾವು ಅವಳಿಗೆ ಕೋಳಿ ಕೊಡುವುದನ್ನು ಮರೆತಿದ್ದೆವಂತೆ, ಅದಕ್ಕೆ ಇಬ್ಬರು ಮಕ್ಕಳನ್ನೂ ಒಬ್ಬ ಮುದುಕನನ್ನೂ ತೆಗೆದುಕೊಂಡು ಹೋದಳಂತೆ. ಶಾಲೆಯವರು ಊರ ಚರಿತ್ರೆ ಬರೆಯುತ್ತೇವೆಂದು ಬಂದಾಗಲೂ ಹೀಗೇ ಹೇಳಿ ಬರೆಸಿದ್ದಾರೆ. ಮಾಡದ ತಪ್ಪಿಗೆ ಮಾರಿಗೆ ಕೆಟ್ಟ ಹೆಸರು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಲ್ಲಿ ಇದ್ದವಳು ನಾನು.

ಆಗ ಕೊಡಗು ಬೇರೆ ರಾಜ್ಯ. ಸರ್ಕಾರ, ಮಂತ್ರಿ ಎಲ್ಲಾ ಮಡಿಕೇರಿಯಲ್ಲೇ. ಶಿರಂಗಾಲದಿಂದ ಕುಶಾಲನಗರಕ್ಕೆ ಬರುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪೇಟೆ. ಕೆಳಗೆ ಕಾವೇರಿ, ದಾಟಿದರೆ ಮೈಸೂರು ರಾಜ್ಯ. ಮೇಲಿನ ಕೇರಿಯಲ್ಲಿ ಹಿಂದಿನಿಂದ ಇದ್ದವರು, ಅವರದು ಹೆಂಚಿನ ಮನೆ, ಸುಣ್ಣದ ಗೋಡೆ. ಕೆಳಗಿನ ಕೇರಿಯಲ್ಲಿ ಹಾಸನದ ಕಡೆಯಿಂದ ಗದ್ದೆ ಗೇಯಲು ಬಂದ ನಾವು, ನಮ್ಮದು ಹುಲ್ಲಿನ ಮಾಡು, ಮಣ್ಣಿನ ಗೋಡೆ. ಗದ್ದೆ ನಮ್ಮದಲ್ಲ, ಗೇಣಿಯದು. ಮನೆ ಕಟ್ಟಿಕೊಂಡ ಜಾಗಕ್ಕೂ ಯಾರ ಹತ್ತಿರವೂ ಒಂದು ಕಾಗದವಿರಲಿಲ್ಲ.

ನಮ್ಮ ಕಡೆಯವರು ಕೊಡಗಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು, ಚಳಿಜ್ವರಕ್ಕೆ. ನನ್ನ ಅಪ್ಪ ಹೆದರಲಿಲ್ಲ, ಮನೆಯಲ್ಲಿ ಇನ್ನೂ ನಾಲ್ಕು ಹೆಣ್ಣಿದ್ದವು. ಬಂದ ಎರಡನೇ ವರ್ಷ ನನಗೂ ಜ್ವರ ಬಂತು, ಏಳು ತಿಂಗಳ ಬಸುರು ಇಳಿದುಹೋಯಿತು. ಗಂಡು. ಆಮೇಲೆ ಹುಟ್ಟಿದವಳು ಮಗಳು. ನಾನು ಹೇಳುತ್ತಿರುವ ವರ್ಷ ಅವಳಿಗೆ ಎರಡೂವರೆ. ಇನ್ನೊಂದು ಮಗುವನ್ನು ಆ ಜ್ವರಕ್ಕೆ ಕೊಡುವ ಶಕ್ತಿ ನನಗಿರಲಿಲ್ಲ.

ಮುಂಗಾರಿಗೆ ಮೊದಲು ಮಲೇರಿಯಾ ಪಂಪಿನವರು ಬಂದರು, ಮೇಲಿನ ಕೇರಿ ಮುಗಿಸಿಕೊಂಡು ನಮ್ಮ ಕೇರಿಗೆ ಇಳಿದರು. ಖಾಕಿ ಚಡ್ಡಿಯ ನಾಲ್ಕು ಜನ, ಅವರಿಗೊಬ್ಬ ಮೇಸ್ತ್ರಿ. ಮೇಸ್ತ್ರಿ ಮಲಯಾಳದವನು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದ. ಮನೆಯೊಳಗಿನ ಭತ್ತ, ಗಡಿಗೆ, ಚಾಪೆ, ತೊಟ್ಟಿಲು ಎಲ್ಲವನ್ನೂ ಅಂಗಳಕ್ಕೆ ತರಿಸಿದರು. ಒಳಗಿನ ಗೋಡೆಗೆಲ್ಲ ಬಿಳಿ ಮದ್ದು ಹೊಡೆದರು. ಆರು ತಿಂಗಳು ಗೋಡೆ ಸಾರಿಸಬಾರದು, ಮದ್ದು ಗೋಡೆಯ ಮೇಲೆಯೇ ಇರಬೇಕು, ಅದರ ಮೇಲೆ ಕೂತ ಸೊಳ್ಳೆ ಸಾಯುತ್ತದೆ ಎಂದು ಮೇಸ್ತ್ರಿ ಮನೆಮನೆಗೂ ಹೇಳಿದ. ನನ್ನ ಅತ್ತೆ ಸೆರಗು ಮೂಗಿಗೆ ಹಿಡಿದುಕೊಂಡು ಕೇಳಿದರು.

“ಆರು ತಿಂಗ್ಳು ಸಾರಿಸ್ದೆ ಬಿಟ್ರೆ ಅದನ್ನ ಮನೆ ಅಂತಾರೋ ನರಿ ಗವಿ ಅಂತಾರೋ?”

“ನರಿಗೆ ಚಳಿಜ್ವರ ಇಲ್ಲ ಅಜ್ಜಿ,” ಅಂದ ಅವನು.

ಹೋಗುವಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಎರಡು ಅಕ್ಷರ, ಒಂದು ನಂಬರು ಬರೆದ. ಒಂದು ಪುಸ್ತಕದಲ್ಲೂ ಬರೆದುಕೊಂಡ. ಮನೆಯಲ್ಲಿ ಎಷ್ಟು ಜನ ಮಲಗುತ್ತೀರಿ ಎಂದು ಮಾತ್ರ ಅವನು ಕೇಳಿದ್ದು. ನನ್ನ ಗಂಡ ಖಾಕಿ ಕಂಡ ಗಾಬರಿಗೆ, ನಾವು ಹೊಳೆಯಾಚೆಯವರು ಸ್ವಾಮಿ, ಬಂದು ಹನ್ನೆರಡು ವರ್ಷವಾಯಿತು ಎಂದು ಕೇಳದ್ದನ್ನೂ ಹೇಳಿದರು.

ಮೂರು ದಿನಕ್ಕೆ ಹಲ್ಲಿಗಳು ಉದುರಿದವು, ತಿಗಣೆ ಸತ್ತವು. ಅದು ಸಂತೋಷವೇ. ನಾಲ್ಕನೇ ದಿನ ನಮ್ಮ ಬೆಕ್ಕು ಒಲೆಯ ಮುಂದೆ ನಡುಗಿ ನಡುಗಿ ಸತ್ತಿತು. ಅಲ್ಲಿಂದ ಹೆದರಿಕೆ ಶುರು.

ಕೊಡಗು ಮೈಸೂರಿಗೆ ಸೇರಬೇಕು ಅಂತ ಕೆಲವರು, ಬೇರೆಯಾಗಿಯೇ ಇರಬೇಕು ಅಂತ ಕೆಲವರು, ಆಗ ಎಲ್ಲಿ ನಾಲ್ಕು ಜನ ಕೂತರೂ ಅದೇ ಮಾತು. ನಮಗೆ ತಿಳಿಯುತ್ತಿದ್ದುದು ಒಂದೇ: ಜಗಳ ಹೊಳೆಯಾಚೆಯವರದು, ಈಚೆಯವರದು, ನಾವು ಆಚೆಯವರು ಈಚೆ ಕೂತಿದ್ದೇವೆ. ಮೇಲಿನ ಕೇರಿಯ ಅಂಗಡಿಯವನು ಉಪ್ಪು ಕಟ್ಟುತ್ತಾ ನನ್ನ ಗಂಡನಿಗೆ ಹೇಳಿದನಂತೆ, ನಿಮ್ಮ ಬಾಗಿಲಿಗೆ ನಂಬರು ಹಾಕಿದ್ದು ಸೊಳ್ಳೆಗಲ್ಲ, ಮೈಸೂರು ಕಡೆಯಿಂದ ಬಂದವರ ಮನೆ ಗುರುತು ಮಾಡಿಕೊಂಡಿದ್ದಾರೆ, ಮಳೆ ಕಳೆದ ಮೇಲೆ ಹೊಳೆ ದಾಟಿಸುತ್ತಾರೆ. ತಮಾಷೆಗೆ ಹೇಳಿದನೋ ನಂಬಿಯೇ ಹೇಳಿದನೋ, ಸಾಯುವವರೆಗೂ ಅವನು ಬಾಯಿ ಬಿಡಲಿಲ್ಲ.

ನಾನು ನಂಬಲಿಲ್ಲ. ನೋಡಿಕೊಂಡೇ ಬರೋಣ ಅಂತ ಮಜ್ಜಿಗೆ ಕೇಳುವ ನೆಪದಲ್ಲಿ ಗಿಂಡಿ ಹಿಡಿದು ಮೇಲಿನ ಕೇರಿಗೆ ಹೋದೆ. ಆರು ಮನೆಯ ಬಾಗಿಲು ನೋಡಿದೆ. ಒಂದಕ್ಕೂ ನಂಬರಿರಲಿಲ್ಲ. ಸುಣ್ಣದ ಗೋಡೆ ಮೊದಲಿನಂತೆಯೇ ಬೆಳ್ಳಗಿತ್ತು. ಮಜ್ಜಿಗೆ ಇಸಿದುಕೊಳ್ಳದೆ ವಾಪಸು ಬಂದೆ. ಹೊಳೆಯಾಚೆ ನಮಗೆ ಏನಿತ್ತು? ಗಂಡನ ಮನೆಯವರ ಪಾಲು ಯಾವಾಗಲೋ ಕೈಬಿಟ್ಟಿತ್ತು. ಅಪ್ಪನ ಮನೆಯಲ್ಲಿ ಕೂರಲು ಜಾಗವಿರಲಿಲ್ಲ.

ಮಧ್ಯಾಹ್ನ ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಸೇರಿದ್ದರು. ಪಕ್ಕದ ಮನೆಯವಳು ಅಳುತ್ತಿದ್ದಳು. ಅವಳಿಗೆ ಐದು ವರ್ಷದ ಮಗ, ಮೂರು ವರ್ಷದ ಮಗಳು. ನನಗಿಂತ ದೊಡ್ಡವಳು, ಅಕ್ಕ ಅನ್ನುತ್ತಿದ್ದೆ. ಅಳುವುದು ನೋಡಿ ನನಗೆ ಸಿಟ್ಟು ಬಂತು.

“ನಂಬರು ಗೋಡೆ ಮೇಲಿದ್ರೆ ತಾನೆ ಕಣಕ್ಕ. ಸಾರಿಸ್ಬಿಟ್ರೆ ಯಾವ ಮನೆ ಅಂತ ಹುಡುಕ್ತಾರೆ?”

ಇದನ್ನು ಹೇಳಿದವಳು ನಾನು. ಅತ್ತೆಯಲ್ಲ, ಬೇರೆ ಯಾರೂ ಅಲ್ಲ. ನಂಬರಿನ ಮೇಲೆ ಮಾತ್ರ ಬಳಿದರೆ ಆ ಚೌಕ ಬೇರೆಯಾಗಿ ಕಾಣುತ್ತದೆ, ಒಳಗಿನ ಬಿಳಿ ಮದ್ದೂ ಗುರುತು ಹೇಳುತ್ತದೆ, ಒಳಗೂ ಹೊರಗೂ ಪೂರ್ತಿ ಸಾರಿಸಬೇಕು ಅಂತಲೂ ನಾನೇ ಹೇಳಿದೆ. ಬೆಕ್ಕನ್ನು ಕೊಂದ ವಿಷ ಮಕ್ಕಳ ತಲೆದೆಸೆಯಲ್ಲಿ ಯಾಕೆ ಎಂದು ಅತ್ತೆ ಸೇರಿಸಿದರು. ಅವತ್ತೇ ಕೆಮ್ಮಣ್ಣು, ಸಗಣಿ ಕಲಸಿದೆವು. ಬಾಗಿಲ ಪಕ್ಕದಿಂದ ಶುರುಮಾಡಿ ಬಿಳಿ ಮದ್ದೆಲ್ಲ ಮುಚ್ಚಿಹೋಗುವ ತನಕ ಸಾರಿಸಿದೆ. ಸಂಜೆಗೆ ಕೇರಿಯೇ ಹಬ್ಬದ ಕೇರಿಯ ಹಾಗೆ ಕಂಡಿತು. ಯಾರ ಮುಖದಲ್ಲೂ ಹಬ್ಬವಿರಲಿಲ್ಲ. ಸರ್ಕಾರದ ನಂಬರು ಅಳಿಸಿದರೆ ಜೈಲು ಎಂದು ಅಷ್ಟರಲ್ಲಿ ಯಾರೋ ಹೇಳಿಯಾಗಿತ್ತು. ಅಲ್ಲಿಂದ ದಾರಿಯಲ್ಲಿ ಖಾಕಿ ಕಂಡರೆ ನಾವು ಮಕ್ಕಳನ್ನು ಎಳೆದುಕೊಂಡು ಒಳಗೆ ಹೋಗಿ ಅಗುಳಿ ಹಾಕುತ್ತಿದ್ದೆವು.

ಮಳೆ ಹಿಡಿದು ತಿಂಗಳಾಗುವ ಹೊತ್ತಿಗೆ ಕೊನೆಯ ಮನೆಯ ಮುದುಕ ಹೋದ. ವಯಸ್ಸಾಗಿತ್ತು ಅಂದುಕೊಂಡೆವು. ಆಮೇಲೆ ಪಕ್ಕದ ಮನೆಯ ಅಕ್ಕನ ಮಗ ಮಲಗಿದ. ಚಳಿ ಬರಲಿಲ್ಲ. ಮೈ ಸುಟ್ಟು, ಕಣ್ಣು ಮೇಲೆ ಹೋಗಿ, ಕೈಕಾಲು ಸೆಳೆದುಕೊಂಡು ಮೂರೇ ದಿನಕ್ಕೆ ಹೋದ. ಚಳಿಯಿಲ್ಲದ್ದಕ್ಕೆ ಇದು ಚಳಿಜ್ವರವಲ್ಲ, ಮಾರಿ ಎಂದು ದೊಡ್ಡವರು ತೀರ್ಮಾನ ಮಾಡಿದರು. ಅಮ್ಮ ಬಂದ ಮನೆಗೆ ಮದ್ದು ತರಬಾರದು, ಹೊರಗಿನವರು ಹೊಸಿಲು ದಾಟಬಾರದು, ಮಲಗಿದವರನ್ನು ಆಚೆ ತೆಗೆಯಬಾರದು. ಬಾಗಿಲಿಗೆ ಬೇವು ಕಟ್ಟಬೇಕು, ಅಷ್ಟೇ.

ಮಾರಿ ಅಂದದ್ದು ಎಲ್ಲರಿಗೂ ಅನುಕೂಲವಾಯಿತು. ಕುಶಾಲನಗರದ ಆಸ್ಪತ್ರೆಯಲ್ಲಿ ಜ್ವರ ಅಂದ ಕೂಡಲೇ ಮೊದಲು ಮನೆ ನಂಬರು ಕೇಳುತ್ತಾರೆ ಎಂದು ಸುದ್ದಿ ಬಂದಿತ್ತು. ಮಾರಿಯಾದರೆ ಆಸ್ಪತ್ರೆಗೆ ಹೋಗುವಂತಿಲ್ಲ. ಆಸ್ಪತ್ರೆಗೆ ಹೋಗದಿದ್ದರೆ ನಂಬರು ಹೇಳಬೇಕಾಗಿಲ್ಲ. ಬಾಯಿ ಬಿಟ್ಟು ಯಾರೂ ಹೀಗೆ ಹೇಳಲಿಲ್ಲ. ಎಲ್ಲರ ಹೊಟ್ಟೆಯಲ್ಲೂ ಇದೇ ಇತ್ತು, ನನ್ನ ಹೊಟ್ಟೆಯಲ್ಲೂ. ಇನ್ನೊಂದು ಮನೆಯ ಹಸುಗೂಸು ಹೋದಾಗಲೂ ನಾನು ಸುಮ್ಮನೆ ಇದ್ದೆ.

ಒಂದು ಮಧ್ಯಾಹ್ನ ನನ್ನ ಮಗಳು ಆಡುತ್ತಿದ್ದವಳು ಬಂದು ಒಲೆಯ ಹತ್ತಿರ ಮುದುರಿಕೊಂಡಳು. ಹಲ್ಲು ಕಟಕಟ ಅನ್ನುತ್ತಿತ್ತು. ಕಂಬಳಿ ಹೊದಿಸಿದೆ. ಕಂಬಳಿಯೂ ನಡುಗಿತು. ಈ ಚಳಿ ನನಗೆ ಗೊತ್ತಿತ್ತು, ನನ್ನ ಮೂಳೆಗೇ ಗೊತ್ತಿತ್ತು. ಅತ್ತೆಗೆ ಹೇಳಿದೆ. ಅವರು ಹೋಗಿ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದರು. ಅಷ್ಟು ಹೊತ್ತಿಗೆ ಪಕ್ಕದ ಅಕ್ಕನ ಮಗಳೂ ಮಲಗಿದ್ದಾಳೆ ಎಂದು ಗೋಡೆಯಾಚೆಯಿಂದ ಗೊತ್ತಾಯಿತು.

ಎರಡು ದಿನ ಬೇವಿನ ಕೆಳಗೆ ಕೂತಿದ್ದೆ. ಎಂದೂ ಇಲ್ಲದ್ದು, ಗೋಡೆಯ ಮೇಲೆ ಸೊಳ್ಳೆ ಕೂತದ್ದು ಕಣ್ಣಿಗೆ ಬೀಳಲು ಶುರುವಾಯಿತು. ನಾನು ಸಾರಿಸಿದ ನಯವಾದ ಗೋಡೆಯ ಮೇಲೆ ಆರಾಮಾಗಿ ಕೂತಿರುತ್ತಿದ್ದವು. ಮೇಸ್ತ್ರಿ ಹೇಳಿದ್ದು ಆಗ ತಲೆಗೆ ಹೋಯಿತು. ಮೇಲಿನ ಕೇರಿಗೆ ಮಾರಿ ಯಾಕೆ ಹೋಗಲಿಲ್ಲ ಎಂದೂ ಹೊಳೆಯಿತು. ಅವರ ಮನೆಗೂ ಪಂಪು ಹೊಡೆದಿದ್ದರು. ಸುಣ್ಣದ ಗೋಡೆಯನ್ನು ಅವರು ವರ್ಷಕ್ಕೊಮ್ಮೆ ಮಾತ್ರ ಮುಟ್ಟುತ್ತಾರೆ. ನಾವು ಸಾರಿಸಿದ್ದೆವು, ನಮ್ಮಲ್ಲೇ ಸಾಯುತ್ತಿದ್ದರು. ಅವತ್ತಿನಂಥ ಹೆದರಿಕೆ ಮುಂದೆ ಯಾವತ್ತೂ ಆಗಲಿಲ್ಲ, ಗಂಡ ಸತ್ತಾಗಲೂ.

ಮೂರನೇ ದಿನ ಬೆಳಿಗ್ಗೆ ಮಗಳ ಕಣ್ಣು ಮೇಲೆ ಹೋಯಿತು. ಎಡಗೈ ಎಳೆದುಕೊಂಡಿತು. ನಾನು ಎತ್ತಿಕೊಂಡು ಎದ್ದೆ. ಅತ್ತೆ ಹೊಸಿಲಿಗೆ ಅಡ್ಡ ನಿಂತರು.

“ಅಮ್ಮನ್ನ ಆಚೆ ಎಳೀಬೇಡ ಕಣಮ್ಮಿ. ಕೇರಿ ಉಳಿಯಾಕಿಲ್ಲ.”

ನನ್ನ ಗಂಡ ಮಗಳನ್ನು ನೋಡಲಿಲ್ಲ, ನೆಲ ನೋಡಿದರು. “ನಂಬರು ಕೇಳ್ತಾರೆ. ಏನಂತ ಹೇಳ್ತೀಯ?”

ಅತ್ತೆಯನ್ನು ಭುಜದಿಂದ ಸರಿಸಿದೆ. ಮದುವೆಯಾಗಿ ಬಂದ ಮೇಲೆ ಅವರ ಮೈ ಮುಟ್ಟಿ ಸರಿಸಿದ್ದು ಅದೊಂದೇ ಸಲ. ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡು ಮಗುವನ್ನು ಎದೆಗೆ ಅವಚಿಕೊಂಡು ಮೂರು ಮೈಲಿ ಮಳೆಯಲ್ಲಿ ನಡೆದೆ. ದಾರಿಯಲ್ಲಿ ಎರಡು ಸಲ ನಿಂತು ಮೂಗಿನ ಹತ್ತಿರ ಕೈ ಇಟ್ಟು ಉಸಿರಿದೆಯೇ ಎಂದು ನೋಡಿದೆ. ಮೂರನೇ ಸಲ ನೋಡಲು ಧೈರ್ಯ ಬರಲಿಲ್ಲ. ಹಾಗೇ ನಡೆದೆ.

ಆಸ್ಪತ್ರೆಯ ಜಗಲಿಯಲ್ಲಿ ಜ್ವರ ಬಂದವರ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದವನು ಅದೇ ಮೇಸ್ತ್ರಿ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಮಗುವಿನ ಮುಖ ನೋಡಿ ಒಳಗೆ ಡಾಕ್ಟರನ್ನು ಕೂಗಿದ. ಅವರು ಬರುವಷ್ಟರಲ್ಲಿ ಅಭ್ಯಾಸದಂತೆ ಕೇಳಿದ.

“ಮನೆ ನಂಬರು?”

ತಲೆತುಂಬ ಹೊಳೆ, ದೋಣಿ, ದೋಣಿಯಲ್ಲಿ ನಮ್ಮ ಪಾತ್ರೆ ಪಗಡ. ಮಗುವಿನ ಕೈ ಮತ್ತೆ ಸೆಳೆಯಿತು.

“ನಂಬರಿಲ್ಲ. ಸಗಣಿ ಬಳ್ದುಬಿಟ್ಟಿವ್ನಿ. ಕೇರಿಯೋರಿಗೆಲ್ಲ ಬಳೀರಿ ಅಂದೋಳೂ ನಾನೇ. ಹೊಳೆ ಆಚೆ ಕಳ್ಸೋದಾದ್ರೆ ಕಳ್ಸಿ, ಜೈಲಿಗಾದ್ರೂ ಹಾಕಿ. ಮೊದ್ಲು ಮಗೀಗೆ ಮದ್ದು ಹಾಕಿ.”

ಅವನು ಪೆನ್ನು ಹಿಡಿದವನು ಹಾಗೇ ನೋಡಿದ. “ಯಾವ ಹೊಳೆ? ಅದು ಮದ್ದು ಹೊಡೆದ ಮನೆ ಅಂತ ಗುರ್ತು, ತಾಯಿ. ನನ್ನ ಮನೆಗೂ ಉಂಟು.”

ಮೇಲಿನ ಕೇರಿಗೆ ಹಾಕಿಲ್ಲವಲ್ಲ ಅಂದೆ. ಅವರು ಸುಣ್ಣದ ಗೋಡೆ ಕೆಡುತ್ತದೆ ಎಂದು ಜಗಳ ಮಾಡಿದರಂತೆ, ಅದಕ್ಕೆ ಅಲ್ಲಿ ಎಲ್ಲ ಮನೆಗೂ ಬಾಗಿಲ ಹಿಂದೆ ಬರೆದು ಬಂದಿದ್ದನಂತೆ. ನಾನು ಹೊರಗೆ ನಿಂತು ನೋಡಿ ಬಂದಿದ್ದೆ. ಬಾಗಿಲ ಹಿಂದೆ ನೋಡಿರಲಿಲ್ಲ.

ಡಾಕ್ಟರು ಸೂಜಿ ಹಾಕಿದರು. ತಡವಾಗಿದೆ, ಸಂಜೆಯವರೆಗೆ ಏನೂ ಹೇಳಲಾರೆ ಅಂದರು. ನಾನು ನೆಲದ ಮೇಲೆ ಕೂತು ಮಗಳ ಹೊಟ್ಟೆ ಏರಿ ಇಳಿಯುವುದನ್ನೇ ನೋಡಿದೆ. ದೇವರನ್ನು ಕರೆಯಲಿಲ್ಲ. ಕರೆಯುವ ಮುಖವಿರಲಿಲ್ಲ. ಇನ್ನೂ ಬೆಳಕಿರುವಾಗಲೇ ಕಂಪೌಂಡರು ಬಾಯಿಗೆ ಚಳಿಜ್ವರದ ಕೊಯ್ನಾ ಮದ್ದು ಹಾಕಲು ಹೋದರೆ ಅವರ ಬೆರಳು ಕಚ್ಚಿದಳು. ಕಚ್ಚಿದರೆ ಉಳೀತು ಅಂತ ಅವರೇ ನಕ್ಕರು. ಉಳಿದಳು. ಎಡಗಿವಿ ಮಾತ್ರ ಹೋಯಿತು, ಇವತ್ತಿಗೂ ಕೇಳಿಸುವುದಿಲ್ಲ.

ಗಂಡ ಬಂದಾಗ ದೀಪ ಹಚ್ಚುತ್ತಿದ್ದರು. ಮಗಳನ್ನು ಮುಟ್ಟಿ ನೋಡಿ ನನ್ನ ಪಕ್ಕದಲ್ಲಿ ಕೂತರು.

“ಹೇಳ್ಬಿಟ್ಟಾ?”

“ಹೇಳ್ದೆ.”

“ಏನಂದ್ರು?”

“ಮೇಲಿನ ಕೇರಿಯೋರಿಗೆ ಬಾಗ್ಲ ಹಿಂದೆ ಐತಂತೆ.”

ಎರಡು ದಿನದಲ್ಲಿ ಪಂಪು ತರುತ್ತೇವೆ, ಅಲ್ಲಿವರೆಗೆ ಜ್ವರ ಬಂದವರನ್ನು ಇಲ್ಲಿಗೆ ತನ್ನಿ ಎಂದು ಮೇಸ್ತ್ರಿ ಹೇಳಿ ಹೋದ.

ಮಾರನೆಯ ಬೆಳಿಗ್ಗೆ ಮಗಳನ್ನು ಗಂಡನ ಹತ್ತಿರ ಬಿಟ್ಟು ಕೇರಿಗೆ ನಡೆದೆ. ನಮ್ಮ ಮನೆಗೆ ಹೋಗಲಿಲ್ಲ, ಪಕ್ಕದ ಮನೆಗೆ ಹೋದೆ. ಅಕ್ಕ ಹೊಸಿಲ ಮೇಲೆ ಮೊರ ಹಿಡಿದು ಕೂತಿದ್ದಳು, ಮೊರದಲ್ಲಿ ಏನೂ ಇರಲಿಲ್ಲ. ಒಳಗೆ ಬರಬೇಡ, ಅಮ್ಮ ಇದ್ದಾಳೆ ಅಂದಳು.

“ಅಮ್ಮ ಅಲ್ಲ ಕಣಕ್ಕ, ಚಳಿಜ್ವರ. ಮದ್ದಿನ ಮೇಲೆ ಸಾರ್ಸಿದ್ದಕ್ಕೆ ಬಂದದ್ದು. ಸಾರ್ಸು ಅಂದೋಳು ನಾನು. ನಿನ್ನ ಮಗ ಹೋಗಿದ್ದು ಅದ್ರಿಂದ.”

ಅವಳು ಮೊರದಲ್ಲಿ ನನ್ನ ಮುಖಕ್ಕೆ ಹೊಡೆದಳು. ಒಂದೇ ಏಟು. ತುಟಿ ಒಡೆಯಿತು. ನಾನು ಅವಳನ್ನು ದಾಟಿ ಒಳಗೆ ಹೋಗಿ ಚಾಪೆಯ ಮೇಲಿದ್ದ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಕುಶಾಲನಗರದ ದಾರಿ ಹಿಡಿದೆ. ಅಕ್ಕ ಹತ್ತು ಮಾರು ಹಿಂದೆ ಬರುತ್ತಿದ್ದಳು. ಆ ಹುಡುಗಿಯೂ ಉಳಿದಳು; ಊರಿನವರು ಹೇಳುವ ಮಾರಿಯ ಲೆಕ್ಕದಲ್ಲಿ ಅವಳಿಲ್ಲ.