ಸುಣ್ಣ ಒಣಗುವ ಹೊತ್ತು

ಗೋಡೆಗೆ ಸುಣ್ಣ ಬಳಿಯುವುದು ಬಿಟ್ಟರೆ ಪುಟ್ಟಮಾದನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ತಾಳವಾಡಿಯಿಂದ ಗುಮಟಾಪುರದವರೆಗೆ ದೀಪಾವಳಿಗೋ ಪೊಂಗಲ್‌ಗೋ ಬೆಳ್ಳಗಾದ ಮನೆಗಳಲ್ಲಿ ಅರ್ಧಕ್ಕರ್ಧ ಅವನ ಕೈ ಕಂಡವು. ಹೆಂಡತಿ ದೊಡ್ಡಮಾದಮ್ಮ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ, ಅದು ಕೊತಕೊತ ಕುದ್ದು ತಣ್ಣಗಾದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ ಕೊಡುತ್ತಿದ್ದಳು. ಏಣಿ ಹೊರುವುದು, ಮೇಲಿನ ಮೂಲೆಗಳನ್ನು ಮುಗಿಸುವುದು ಜೊತೆಗಾರ ಚಿಕ್ಕಸಿದ್ದನ ಪಾಲು. ಅವನು ನೆಂಟನಲ್ಲ, ಆದರೆ ನೆಂಟರಿಗಿಂತ ಹೆಚ್ಚು. ಪುಟ್ಟಮಾದನನ್ನು ಅಣ್ಣ ಅನ್ನುತ್ತಿದ್ದ, ಅವಳನ್ನು ಅತ್ತಿಗೆ ಅನ್ನುತ್ತಿದ್ದ.

ಬಳಿದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುವ ಮಕ್ಕಳನ್ನು ಕಂಡರೆ ಪುಟ್ಟಮಾದನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮ್ಮಪ್ಪುನ್ ಮೊಕುಕ್ ಬಳೀರ್ಲಾ!" ಎಂದು ಕುಂಚ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದ. ಅಂಥವನು ತನ್ನ ಮನೆಯ ಗೋಡೆಯನ್ನು ತಾನೇ ಗೀಚುತ್ತಾನೆ ಎಂದು ಯಾರಾದರೂ ಹೇಳಿದ್ದರೆ ದೊಡ್ಡಮಾದಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಅವನು ಕೆಮ್ಮಿ ಕೆಮ್ಮಿ ಮಂಚ ಹಿಡಿದ. ಡಾಕ್ಟರು ಎದೆಯ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಆ ಮಾತಿನ ಅರ್ಥ ಗಂಡ ಹೆಂಡಿರಿಬ್ಬರಿಗೂ ಆಯಿತು.

ಒಂದು ಸಂಜೆ ಅವಳು ಕೋಸು ಕುಯ್ಯುವ ಕೂಲಿ ಮುಗಿಸಿ ಬಂದರೆ ಮಂಚದ ಪಕ್ಕದ ಗೋಡೆಯ ಮೇಲೆ ಒಂದು ಎತ್ತು ನಿಂತಿತ್ತು. ಒಲೆಯ ಇದ್ದಿಲಿನಲ್ಲಿ ಬರೆದದ್ದು. ಕಾಲು ಸೊಟ್ಟಗಿದ್ದರೂ ಎತ್ತಿನ ಗತ್ತು ಮಾತ್ರ ಗೋಡೆಯಿಂದ ಇಳಿದು ಬರುವ ಹಾಗಿತ್ತು.

"ಉಚ್ಗಿಚ್ ಇಡೀತಾ ನಿಂಗೆ?" ಎಂದಳು.

"ದಿನಾ ಬೆಳ್ಳುಗ್ ನೋಡಿ ನೋಡಿ ಸಾಕಾಗದೆ ಕಣಮ್ಮಿ" ಎಂದ ಅವನು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಎತ್ತಿನ ಭುಜಕ್ಕೆ ನೀಲಿ ಬಂತು. ಹಿಂದಿನ ಬೆಟ್ಟಕ್ಕೆ ಕೆಮ್ಮಣ್ಣು, ಬಿಸಿಲಿಗೆ ಅಡಿಗೆ ಅರಿಶಿನ, ಹೊಲಕ್ಕೆ ಅವರೆ ಎಲೆ ಅರೆದ ರಸ. ಹಾಸನೂರಿನ ತಿರುವಿನಲ್ಲಿ ಆನೆ ನಿಂತು, ಅದರ ಹಿಂದೆ ಬಸ್ಸು ಬಾಲ ಮುದುರಿ ನಿಂತದ್ದು ಬಂತು. ಒಬ್ಬರಿಗೊಬ್ಬರು ಸಗಣಿ ಎರಚಿಕೊಳ್ಳುವ ಗುಮಟಾಪುರದ ಸಗಣಿ ಹಬ್ಬವನ್ನು ಬರೆಯುವಾಗ ನಿಜವಾದ ಸಗಣಿಯನ್ನೇ ತರಿಸಿಕೊಂಡು, ಬೆರಳಿನಲ್ಲಿ ಚಿಮ್ಮಿ ಚಿಮ್ಮಿ ಹೊಡೆದ. ಅರ್ಧ ಗೋಡೆಗೆ, ಅರ್ಧ ಅವಳ ಮೈಗೆ. ಅವಳು ಬೈದಳು, ಅವನು ನಕ್ಕ, ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಅವಳು ಅವನ ಬೆನ್ನು ನೀವುತ್ತ ಕೂತಳು.

ಚಿತ್ರಗಳು ಅದೇ ಗೋಡೆಯುದ್ದಕ್ಕೂ ಸಾಗಿ ಒಂದು ದಿನ ಒಲೆಯ ಪಕ್ಕಕ್ಕೆ ಬಂದಾಗ ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು. ಕುಕ್ಕರುಗಾಲಲ್ಲಿ ಕೂತ ಒಬ್ಬ ಹೆಂಗಸಿನ ಬೆನ್ನು. ಕುತ್ತಿಗೆಯ ಮೇಲೆ ಜಾರಿದ ತುರುಬು, ಸೊಂಟಕ್ಕೆ ಸಿಕ್ಕಿಸಿದ ಸೆರಗು.

"ಇದ್ಯಾರು, ನಾನಾ?"

"ಊಂ."

"ನಂಗೇನು ಮೊಕ ಇಲ್ವಾ?"

"ನೀ ಒಲೆ ಕಡೀಕ್ ತಿರ್‍ಗಿದ್ದೆ. ಮಲಗಿರೋನ್ಗೆ ಕಂಡುದ್ದು ಬೆನ್ನೇಯ."

ಚಿತ್ರದಲ್ಲಿ ರವಿಕೆ ಹಿಂದುಗಡೆ ಒಂದು ಕಡೆ ಹರಿದಿತ್ತು. ಅವಳು ಕೈ ಹಿಂದೆ ಮಾಡಿ ತಡವಿ ನೋಡಿಕೊಂಡಳು. ನಿಜವಾಗಿಯೂ ಹರಿದಿತ್ತು. ಅವತ್ತೇ ಹೊಲಿದುಕೊಂಡಳು. ಇಷ್ಟು ಹೊತ್ತು, ಇಷ್ಟು ಗಮನ ಕೊಟ್ಟು ಅವಳನ್ನು ಯಾರೂ ನೋಡಿರಲಿಲ್ಲ. ಹೆತ್ತವರೂ ನೋಡಿರಲಿಲ್ಲ. ಮಕ್ಕಳಂತೂ ಆಗಲೇ ಇಲ್ಲ.

ಈ ಗೋಡೆಯನ್ನು ಚಿಕ್ಕಸಿದ್ದ ನೋಡಿರಲಿಲ್ಲ. ಅವನು ಬಂದಾಗಲೆಲ್ಲ ಪುಟ್ಟಮಾದ "ಕೆಮ್ಮು ಅಂಟುತ್ತೆ, ಅಲ್ಲೇ ನಿಂತ್ಕೊ ಕಣ್ಲಾ" ಎಂದು ಬಾಗಿಲಿನಾಚೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದ.

ಪುಟ್ಟಮಾದ ಸತ್ತಾಗ ಕಾಯಿಲೆಯವನು ಮಲಗಿದ್ದ ಚಾಪೆ, ದಿಂಬು, ಹೊದಿಕೆಯನ್ನೆಲ್ಲ ಪದ್ಧತಿಯಂತೆ ಹೊರಗೆ ಒಯ್ದು ಸುಟ್ಟರು. ಅವನು ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದಿದ್ದ ಚಿತ್ರಗಳು ದಿಂಬಿನ ಅಡಿಯಲ್ಲಿದ್ದವು. ದೊಡ್ಡಮಾದಮ್ಮನಿಗೆ ಅದು ನೆನಪಾಗುವಷ್ಟರಲ್ಲಿ ಬೂದಿಯೂ ಆರಿತ್ತು. ಇನ್ನು ಉಳಿದದ್ದು ಗೋಡೆ. ಓಟಿನ ಕಾರ್ಡಿನಲ್ಲಿ ಅವನದೊಂದು ಫೋಟೊ ಇತ್ತು, ಅದರಲ್ಲಿ ಅವನು ಪೊಲೀಸರಿಗೆ ಸಿಕ್ಕಿಬಿದ್ದ ಕೋಳಿ ಕಳ್ಳನಂತೆ ಕಾಣುತ್ತಿದ್ದ. ಗೋಡೆ ಹಾಗಲ್ಲ, ಅದರಲ್ಲಿ ಅವನು ನೋಡಿದ್ದೆಲ್ಲ ಇತ್ತು.

ತಿಥಿಗೆ ಮುಂಚೆ ಮನೆಗೆ ಸುಣ್ಣವಾಗಬೇಕು. ಸೂತಕದ ಗೋಡೆಯ ಮುಂದೆ ಎಡೆ ಇಟ್ಟರೆ ಸತ್ತವನು ಮುಟ್ಟುವುದಿಲ್ಲ ಅನ್ನುತ್ತಾರೆ. ದೊಡ್ಡಮಾದಮ್ಮ ಮನಸ್ಸಿನಲ್ಲೇ ಒಂದು ದಾರಿ ಮಾಡಿಕೊಂಡಳು. ಮೂರು ಗೋಡೆಗೆ ತಾನೇ ಬಳಿಯುವುದು, ಆ ಒಂದನ್ನು ಹಾಗೇ ಬಿಡುವುದು. ಕೇಳಿದವರಿಗೆ ಸುಣ್ಣ ಸಾಲಲಿಲ್ಲ ಅಂದರಾಯಿತು. ಆದರೆ ಇದ್ದಿಲು ಸೆರಗು ತಾಗಿದರೂ ಅಳಿಸುತ್ತದೆ. ಅದಕ್ಕೆ ಏನಾದರೂ ಹಚ್ಚಬೇಕೆಂದು ತಿಥಿಯ ಹಿಂದಿನ ದಿನ ಬೆಳಿಗ್ಗೆ, ಸಾಮಾನು ತರುವ ನೆಪ ಮಾಡಿಕೊಂಡು ತಾಳವಾಡಿಗೆ ಹೋದಳು.

ಪೇಂಟು ಅಂಗಡಿಯ ಉಮಾಶಂಕರ್ ವಾರ್ನಿಷ್ ಡಬ್ಬಿ ಕೊಡುತ್ತ, "ಇದು ಮರಕ್ಕಮ್ಮ, ಸುವರುಗೆ, ಗೋಡೆಗೆ ಅಲ್ಲ" ಎಂದು ಅರ್ಧ ತಮಿಳಿನಲ್ಲಿ ಹೇಳಿದ. "ಒಂದ್ ವರ್ಸ ನಿಂತ್ರೂ ಸಾಕಪ್ಪ" ಎಂದಳು.

ಚಿಕ್ಕಸಿದ್ದನಿಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಅವಳಿಗೆ ಹೊಳೆಯಲೇ ಇಲ್ಲ. ಸುಣ್ಣ ಬಳಿಯುವವರಲ್ಲಿ ಒಂದು ನಡವಳಿಕೆ ಉಂಟು. ಜೊತೆಯವನು ಸತ್ತರೆ ಅವನ ಮನೆಗೆ ಸುಣ್ಣ ಬಳಿಯುವುದು ಉಳಿದವರ ಋಣ. ಅದಕ್ಕೆ ಯಾರೂ ಕರೆಯುವುದಿಲ್ಲ, ಕೂಲಿಯ ಮಾತೂ ಇಲ್ಲ. ಅವಳಿಗೂ ಇದು ಗೊತ್ತಿದ್ದದ್ದೇ. ದುಃಖದಲ್ಲಿ ಮರೆತಿತ್ತು.

ಬಸ್ಸಿಳಿದು ಕೇರಿಗೆ ಬಂದರೆ ಅಂಗಳದಲ್ಲೇ ಹಸಿ ಸುಣ್ಣದ ವಾಸನೆ. ಬಾಗಿಲಿಗೆ ಏಣಿ ಒರಗಿತ್ತು. ಬಕೆಟ್ಟು, ಕುಂಚ ಅಲ್ಲೇ ಇದ್ದವು. ಚಿಕ್ಕಸಿದ್ದ ಕೈ ತೊಳೆಯಲು ನಲ್ಲಿಯ ಕಡೆ ಹೋಗಿದ್ದ. ಅವಳು ಕೈಯಲ್ಲಿದ್ದದ್ದನ್ನೆಲ್ಲ ಹೊಸ್ತಿಲ ಮೇಲೆ ಹಾಕಿ ಒಳಗೆ ಓಡಿದಳು.

ಗೋಡೆ ಇನ್ನೂ ಹಸಿಯಾಗಿತ್ತು. ಹಸಿ ಸುಣ್ಣ ಒಳಗಿನದನ್ನು ಮುಚ್ಚುವುದಿಲ್ಲ. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುವುದು ಅದರ ಗುಣ. ಎತ್ತು ಕಾಣುತ್ತಿತ್ತು. ಆನೆ ಕಾಣುತ್ತಿತ್ತು. ನೋಡುತ್ತ ನಿಂತ ಹಾಗೆಯೇ ಮೇಲುಗಡೆ ಬೆಟ್ಟ ಒಣಗಿ ಮಾಯವಾಯಿತು. ಆಮೇಲೆ ಎತ್ತಿನ ಕೊಂಬು.

ಅವಳು ಒಲೆಯ ಪಕ್ಕಕ್ಕೆ ಹೋಗಿ ಸೆರಗನ್ನು ಕೊಡದ ನೀರಿನಲ್ಲಿ ಅದ್ದಿ, ಚಿತ್ರದಲ್ಲಿದ್ದ ತನ್ನ ಬೆನ್ನಿನ ಮೇಲಿನ ಸುಣ್ಣವನ್ನು ಮೆಲ್ಲಗೆ ಒರೆಸಿದಳು. ತುರುಬು ಒಂದು ಗಳಿಗೆ ಕಪ್ಪಗೆ ಎದ್ದು ಕಂಡಿತು. ಇನ್ನೊಂದು ಸಲ ಒರೆಸಿದಳು. ಸುಣ್ಣದ ಜೊತೆ ಇದ್ದಿಲೂ ಕರಗಿ ಇಳಿಯಿತು. ತುರುಬು ಹೋಯಿತು, ಹರಿದ ರವಿಕೆ ಹೋಯಿತು, ಬೆನ್ನು ಹೋಯಿತು. ಗೋಡೆಯ ಮೇಲೆ ಬೋಳು ಜಾಗ, ಸೆರಗಿನ ಮೇಲೆ ಬೂದು ಬಣ್ಣದ ನೀರು. ಆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ಬಂದ್ಯಾ ಅತ್ಗೆ?" ಚಿಕ್ಕಸಿದ್ದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ಅವನ ಕಣ್ಣೂ ಕೆಂಪಗಿತ್ತು. "ಅಳ್ಬೇಡ ಸುಮ್ಕಿರು. ಪಾಪ, ಅಣ್ಣ ಕಾಯ್ಲೆ ಒಳ್ಗೆ ಗೋಡೆನೆಲ್ಲ ಗೀಚಿ ಗೀಚಿ ಮಸಿ ಮಾಡ್ಬುಟ್ಟಿತ್ತು. ಅಣ್ಣುನ್ ಮನೆ ಗೋಡೆ ಅಂಗಿದ್ರೆ ನಾಳೀಕ್ ಬರೋರು ಏನಂದಾರು? ಅದ್ಕೇ ಎಲ್ಡು ಕೈ ಬಳ್ದೀನಿ. ಎಂಗದೆ?"

ಅವಳು ಅವನ ಮುಖ ನೋಡಿದಳು. ಹೇಳಿದ್ದರೆ ಆ ಮನುಷ್ಯ ಬದುಕಿರುವವರೆಗೂ ಮತ್ತೆ ಕುಂಚ ಹಿಡಿಯುತ್ತಿರಲಿಲ್ಲ.

"ಚೆಂದಾಗದೆ ಕಣಪ್ಪ" ಎಂದಳು. "ನಿಮ್ಮಣ್ಣ ಬಳ್ದಂಗೇ ಅದೆ."

ಅವನು ಸಮಾಧಾನದಿಂದ ತಲೆಯಾಡಿಸಿ ಗೋಡೆಯ ಮೇಲೆ ಕಣ್ಣಾಡಿಸಿದ. ಒಲೆಯ ಪಕ್ಕದ ಬೋಳು ಜಾಗ ಕಂಡು ನಾಲಗೆ ಕಚ್ಚಿಕೊಂಡ. "ಅಯ್ಯೋ, ಇಲ್ಲೊಂದ್ ಕಡೆ ಬುಟ್ಟೋಗದಲ್ಲ! ಅಣ್ಣ ಇದ್ದಿದ್ರೆ ಉಗೀತಿತ್ತು" ಎಂದು ಬಕೆಟ್ಟು ಎಳೆದು ಕುಂಚ ಅದ್ದಿದ.

"ತತ್ತಾ ಇಲ್ಲಿ" ಎಂದು ದೊಡ್ಡಮಾದಮ್ಮ ಅವನ ಕೈಯಿಂದ ಕುಂಚ ತೆಗೆದುಕೊಂಡಳು. ತನ್ನ ಬೆನ್ನಿದ್ದ ಜಾಗಕ್ಕೆ ಮೇಲಿನಿಂದ ಕೆಳಕ್ಕೆ, ಗಂಡ ಬಳಿಯುತ್ತಿದ್ದ ಹಾಗೆಯೇ, ಎರಡು ಕೈ ಸುಣ್ಣ ಬಳಿದಳು.