ಬಸ್ಸಿಗೆ ಚೆಲ್ಲಿದ ಚರಗ

ಇವತ್ತು ಇಂಡಿ ಬಿಟ್ಟು ಎರಡು ಹಳ್ಳಿ ದಾಟಿರಲಿಲ್ಲ, ಮೂರನೇ ಸೀಟಿನ ಹೆಣ್ಣುಮಗಳು ಹಸಿದ ಮಗುವಿಗೆಂದು ಬುತ್ತಿಯ ಗಂಟು ಸಡಿಲಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಆ ವಾಸನೆ ಟಿಕೆಟ್ಟಿಲ್ಲದೆ ಬಸ್ಸಿನ ತುಂಬ ಓಡಾಡಿತು. ಅದನ್ನು ಕೆಳಗಿಳಿಸಬೇಕಾದ ಕಂಡಕ್ಟರು, ಅಂದರೆ ನಾನು, ಕಂಬ ಹಿಡಿದು ಮೂಗರಳಿಸಿ ನಿಂತಿದ್ದೆ. "ಟಿಕೇಟ್ ಕೊಡ್ತೀರೋ, ಇಲ್ಲಾ ರೊಟ್ಟಿ ನೋಡ್ಕೋತ ನಿಂದರತೀರೋ?" ಎಂದು ಹಿಂದಿನಿಂದ ಯಾರೋ ಕೇಳಿದ ಮೇಲೆಯೇ ಎಚ್ಚರ.

ಇವತ್ತು ಎಳ್ಳಮಾವಾಸ್ಯೆ. ಈ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ತಾವು ಉಣ್ಣುವ ಮೊದಲು, ಬೆಳೆದು ನಿಂತ ಪೈರಿಗೆ ಚೆಲ್ಲುತ್ತಾರೆ. ಅದೇ ಚರಗ. ಒಬ್ಬರು ಮುಂದೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎನ್ನಬೇಕು, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ "ಸಲಾಂಬರಿಗೋ" ಎಂದು ಓಗೊಡಬೇಕು. ಇದರ ಅರ್ಥ ಕೇಳಬೇಡಿ. ನಮ್ಮ ಅಜ್ಜನನ್ನು ಕೇಳಿದ್ದಕ್ಕೆ "ಅರ್ಥಾ ತಿಳ್ಕೊಂಡು ಜ್ವಾಳ ಬೆಳೀತಾವೇನಲೇ?" ಎಂದಿದ್ದ. ಮುಖ್ಯ ಮಾತು ಇಷ್ಟೇ: ಇದು ಒಬ್ಬರಿಂದ ಆಗುವ ಕೆಲಸವಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಹೊಸದಾಗಿ ನೌಕರಿಯೂ ಬಂದಿತ್ತು, ಹೆಂಡತಿಯೂ ಬಂದಿದ್ದಳು. ನೌಕರಿ ಇಂಡಿಯಲ್ಲಿ, ರೇಣುಕಾ ನನ್ನ ಅವ್ವ ಅಪ್ಪನ ಜೊತೆ ಬಸವನ ಬಾಗೇವಾಡಿ ಹತ್ತಿರದ ನಮ್ಮೂರಲ್ಲಿ. ಮದುವೆಯಾದ ಮೊದಲ ವರ್ಷ ಹೊಸ ಜೋಡಿಯೇ ಚರಗ ಚೆಲ್ಲಬೇಕೆಂಬುದು ನಮ್ಮ ಮನೆಯ ಪದ್ಧತಿ. "ಬರ್ತೇನಿ, ಬಂದಽ ಬರ್ತೇನಿ" ಎಂದು ಮೀಸೆ ತಿರುವಿ ಹೇಳಿ ಬಂದಿದ್ದೆ. ಮೀಸೆ ಆಗಿನ್ನೂ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ. ಆದರೆ ಹಬ್ಬದ ದಿನ ಹೊಸ ಕಂಡಕ್ಟರನಿಗೆ ರಜೆ ಎಲ್ಲಿಯದು? ಸಿಗಲಿಲ್ಲ. ಸುದ್ದಿ ತಿಳಿಸಿದೆ. ರೇಣುಕಾ ಫೋನಿಟ್ಟವಳು ಮತ್ತೆ ಎತ್ತಲಿಲ್ಲ.

ಆಗ ನಾನು ಮಾಡಿದ ಘನಕಾರ್ಯ ಕೇಳಿ. ನನಗೆ ಅಣಕಿಸುವ ಚಟ. ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಬಿಚ್ಚುತ್ತ ಗೊಣಗುವ ಅಜ್ಜಿ, ಸಿಂದಗಿ ಸ್ಟ್ಯಾಂಡಿನ ಮೈಕು, ಡೀಸೆಲ್ ಕುಡಿದು ಕೆಮ್ಮುವ ನಮ್ಮ ಬಸ್ಸು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಹೆಂಡತಿ ನನ್ನ ಫೋನು ಎತ್ತುವುದಿಲ್ಲ ತಾನೆ? ಗೆಳೆಯನ ನಂಬರಿನಿಂದ, ಮುದ್ದೇಬಿಹಾಳದ ಅವಳ ಸೋದರಮಾವನ ಧ್ವನಿಯಲ್ಲಿ ಮಾತಾಡಿದೆ: "ಯವ್ವಾ ರೇಣವ್ವಾ, ಹೆಂಗದೀಯವ್ವಾ?"

"ಮಾವಾ! ಹಬ್ಬಕ್ಕ ಬರಾಕತ್ತೀಯೇನು?" ಎಂದಳು. ಎಷ್ಟು ಖುಷಿ ಆ ದನಿಯಲ್ಲಿ! ನನಗೆ ನಗು ತಡೆಯಲಿಲ್ಲ. ಅವಳಿಗೆ ಗೊತ್ತಾಯಿತು. "ನಿಮಗ ಎಲ್ಲಾರ ಧ್ವನಿನೂ ಬರತೈತಿ ನೋಡ್ರಿ, ನಿಮ್ಮದೊಂದ ಬಿಟ್ಟು" ಎಂದಳು. ಆಮೇಲೆ ಫೋನ್ ಬಂದ್. ಒಂದು ಗಳಿಗೆ ಅವಳಿಗೆ ತವರೇ ಬಂದಂತಾಗಿತ್ತು. ಅದನ್ನು ಕೊಟ್ಟವನೂ ನಾನೇ, ಕಿತ್ತುಕೊಂಡವನೂ ನಾನೇ.

ನನ್ನ ಬಸ್ಸಿನ ಡ್ರೈವರ್ ಗುರಪ್ಪ ಕಾಕಾ ಹಬ್ಬದ ಹಿಂದಿನ ದಿನ ಇದನ್ನೆಲ್ಲ ಕೇಳಿ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಂಜಿನ್ ಮೇಲಿನ ಧೂಳು ಒರೆಸುತ್ತ, "ಹಬ್ಬದ ದಿನ ಮಂದಿ ಹೊಲಾ ಮುಟ್ಟಬೇಕಲ್ಲೋ ತಮ್ಮಾ. ಯಾರರೆ ಮುಟ್ಟಸಬೇಕು" ಎಂದರು. ಇಪ್ಪತ್ತು ವರ್ಷ ಅವರು ಎಳ್ಳಮಾವಾಸ್ಯೆಗೆ ಹೊಲ ತುಳಿದವರಲ್ಲ. ನಾನಾಗಿದ್ದರೆ ಈ ಮಾತನ್ನು ಎದೆ ತಟ್ಟಿಕೊಂಡು, ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೆ. ಅವರು ಚಿಂದಿ ಬಟ್ಟೆ ಹಿಂಡುತ್ತ ಹೇಳಿದರು. "ನಾಳೆ ತಾಂಬಾ ಹತ್ರ ನಮ್ಮ ಹೊಲದ ಮಗ್ಗಲಕ ಎರಡು ನಿಮಿಷ ಗಾಡಿ ನಿಂದರಸ್ತೇನಿ. ನೀ ಗದ್ಲಾ ಮಾಡಬ್ಯಾಡ."

ಮರುದಿನ ಬೆಳಿಗ್ಗೆ ನೋಡಿದರೆ, ರಾತ್ರಿ ಡಿಪೋದಲ್ಲೇ ಮಲಗಿದ್ದ ಕಾಕಾನ ಗಂಟಲು ಥಂಡಿಗೆ ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ. ಇಂಡಿಯಿಂದ ತಾಂಬಾದವರೆಗೂ ಕೈಸನ್ನೆಯಲ್ಲೇ ಸಂಸಾರ.

ಹೊಲದ ಬದುವು ರಸ್ತೆಗೆ ತಾಗುವಲ್ಲಿ ಅವರ ಹೆಂಡತಿ ಶಾಂತವ್ವ ಕಾಕಿ ನಿಂತಿದ್ದರು, ಕಂಕುಳಲ್ಲಿ ಬುಟ್ಟಿ. ಬಸ್ಸು ನಿಂತಿತು. ಒಂದು ಆಡು ಹತ್ತಿಸಲು ಅರೆ ನಿಮಿಷ ತಡವಾದರೂ ನನ್ನ ವಂಶ ಜಾಲಾಡುವ ಪ್ರಯಾಣಿಕರು ಅಂದು ಕಿಟಕಿಯಿಂದ ತಲೆ ಹಾಕಿ ಸುಮ್ಮನೆ ಕಾದರು. ಕಾಕಿ ಡ್ರೈವರ್ ಕಿಟಕಿಗೆ ಬುತ್ತಿ ಕೊಟ್ಟರು. ಆಮೇಲೆ ಬುಟ್ಟಿಯಿಂದ ಒಂದು ಹಿಡಿ ಚರಗ ತೆಗೆದು ಮುಂದಿನ ಗಾಲಿಗೆ ಚೆಲ್ಲಿದರು!

ನಾನು ಬಾಗಿಲಲ್ಲೇ ಬಾಯಿ ಬಿಟ್ಟೆ. "ಕಾಕೀ, ಇದು ಬಸ್ಸು, ಹೊಲ ಅಲ್ರಿ!"

"ನಂದು ಚೆಲ್ಲಿ ಬಂದೇನೋ ತಮ್ಮಾ" ಎಂದರು, "ಇದು ಇವರ ಹೊಲ."

ಹಾಗೆಂದು ಬಸ್ಸಿನ ಹಿಂದಕ್ಕೆ ಹೋಗಿ ಕೂಗಿದರು: "ಹುಲ್ಲುಲ್ಲಿಗೋ!" ಪ್ರತಿ ವರ್ಷ ಸ್ಟೇರಿಂಗ್ ಹಿಡಿದೇ ಕಾಕಾ ಓಗೊಡುತ್ತಿದ್ದರಂತೆ. ಈಗ ಅವರ ಬಾಯಿ ಅಲುಗಿತು, ದನಿ ಬರಲಿಲ್ಲ. ಹಿಂದೆ ಕಾಕಿ ಎರಡನೇ ಸಲ ಕೂಗಿದರು. ಅಲ್ಲಿಂದ ಅವರಿಗೆ ಗಂಡನ ಮುಖ ಕಾಣುವಂತಿಲ್ಲ. ನನ್ನಂಥ ಕಲಾವಿದ ಇರುವುದು ಯಾಕೆ? ಥೇಟು ಗುರಪ್ಪ ಕಾಕಾನ ಧ್ವನಿಯಲ್ಲಿ, ಗಂಭೀರವಾಗಿ ಎಳೆದು, "ಸಲಾಂಬರಿಗೋ!" ಎಂದೆ.

ಕಾಕಿ ದಾಪುಗಾಲು ಹಾಕುತ್ತ ಮುಂದೆ ಬಂದರು. "ಇವರ ಗಂಟಲಿಗೆ ಏನಾಗೇತಿ?"

"ಹೆಂಗ ಗೊತ್ತಾತ್ರಿ ಕಾಕೀ?"

"ಇಪ್ಪತ್ತು ವರ್ಷದಾಗ ಇವರು ಒಮ್ಮೆರೆ ಇಷ್ಟ ಚಂದ ಕೂಗ್ಯಾರೇನು?"

ಬಸ್ಸೆಲ್ಲ ನಕ್ಕಿತು. ಕಾಕಿ ನಗಲಿಲ್ಲ. ಕಾಕಾನ ಕಡೆ ನೋಡಿದರು. ಕಾಕಾ ಒಂದು ಕ್ಷಣ ಯೋಚಿಸಿ ಹಾರ್ನಿನ ಮೇಲೆ ಅಂಗೈ ಇಟ್ಟು ತಲೆಯಾಡಿಸಿದರು. ಅಷ್ಟೇ. ಕಾಕಿ ಮೊದಲ ಗಾಲಿಯಿಂದ ಮತ್ತೆ ಶುರು ಮಾಡಿದರು. "ಹುಲ್ಲುಲ್ಲಿಗೋ!" ಹಾರ್ನು: ಪೋಂ. "ಹುಲ್ಲುಲ್ಲಿಗೋ!" ಪೋಂ. ಪೂರ್ತಿ ಒಂದು ಸುತ್ತು. ಆ ಹಾರ್ನನ್ನೂ ನಾನು ಚೆನ್ನಾಗಿಯೇ ಅಣಕಿಸಬಲ್ಲೆ. ಬಾಯಿ ಬಿಡಲಿಲ್ಲ.

ಕಾಕಾ ಫೋನಿನಲ್ಲಿ ನನ್ನ ಕಥೆ ಮೊದಲೇ ಮುಟ್ಟಿಸಿದ್ದರೇನೋ, ಹೊರಡುವಾಗ ಕಾಕಿ ನನ್ನ ಕೈಗೆ ಒಂದು ಹೋಳಿಗೆ ಇಟ್ಟು ಹೇಳಿದರು: "ನಿನ್ನ ಹೇಣ್ತಿನೂ ಈಗ ಚೆಲ್ಲಾಕತ್ತಿರಬೇಕು. ನೀ ಇಲ್ಲಿ ನನಗ ಯಾಕ ಕೂಗತಿ?"

ಬಸ್ಸು ಹೊರಟಿತು. ನಾನು ಹಿಂದಿನ ಬಾಗಿಲಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನಾನು."

"ನಾನು ಅಂದ್ರ ಯಾವ ನಾನು?" ಎಂದಳು ಅವ್ವ. ಸೋದರಮಾವನ ಕಥೆ ಅವಳಿಗೂ ಮುಟ್ಟಿತ್ತು.

"ಖರೇನ ನಾನಬೇ. ಆಕಿ ಎಲ್ಲಿ ಅದಾಳು?"

"ಚರಗಾ ಚೆಲ್ಲಾಕತ್ತಾಳ. ಹಿಂದ ನಿಮ್ಮಪ್ಪ ನೀರು ಹಿಡದಾನ. ಮಾತಾಡಂಗಿಲ್ಲ ಆಕಿ."

"ಮಾತು ಬ್ಯಾಡ. ಸ್ಪೀಕರ್ ಹಚ್ಚಿ ಫೋನ್ ಮ್ಯಾಲೆ ಹಿಡಿ. ಅಪ್ಪಗ ಸುಮ್ಮನಿರಾಕ ಹೇಳು."

ಗಾಳಿಯ ಸದ್ದು. ದೂರದಿಂದ ರೇಣುಕಾಳ ದನಿ, ಸ್ವಲ್ಪ ಸಿಟ್ಟಿನದೇ: "ಹುಲ್ಲುಲ್ಲಿಗೋ!" ನಾನು ಬಾಯಿ ತೆರೆದೆ. ಯಾರ ಧ್ವನಿಯೂ ಸಹಾಯಕ್ಕೆ ಬರಲಿಲ್ಲ. ಅರವತ್ತು ಜನ ತಿರುಗಿ ನೋಡುತ್ತಿರುವಾಗ, ಒಡೆದ ಮಡಕೆಯಂಥ ಒಂದು ದನಿ ಹೊರಬಿತ್ತು: "ಸಲಾಂಬರಿಗೋ..." ಅದು ನನ್ನದು.

ಒಂದು ಹಳ್ಳ ದಾಟಿದೆವು. ಆಮೇಲೆ ಬಂತು, ಈ ಸಲ ಇನ್ನಷ್ಟು ಹತ್ತಿರದಿಂದ: "ಹುಲ್ಲುಲ್ಲಿಗೋ!" ಹೊಲದ ನಾಲ್ಕು ಮೂಲೆ ಮುಗಿಯುವವರೆಗೂ ಕೂಗಿದೆ. ಎರಡು ಸ್ಟಾಪಿನ ಟಿಕೆಟ್ ತಡವಾಯಿತು, ಯಾರೂ ಬೈಯಲಿಲ್ಲ. ಕೊನೆಗೆ ಅವಳೇ ಫೋನಿಗೆ ಬಂದು, "ಧ್ವನಿ ಒಡದೈತಿ. ಬಿಸಿನೀರು ಕುಡೀರಿ" ಎಂದಳು. ಸೋದರಮಾವನ ಆ ಫೋನಾಗಿ ನಾಲ್ಕು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು.

ಇವತ್ತೂ ರಜೆ ಸಿಗಲಿಲ್ಲ. ಈಗ ನಾನೇನು ಹೊಸಬನಲ್ಲ, ಹಟ ಹಿಡಿದಿದ್ದರೆ ಸಿಗುತ್ತಿತ್ತೋ ಏನೋ. ಆದರೆ ಮೊನ್ನೆ ಹೊಸದಾಗಿ ಮದುವೆಯಾದ ಕಂಡಕ್ಟರೊಬ್ಬ ಅರ್ಜಿ ಹಿಡಿದು ನನ್ನ ಮುಂದೆಯೇ ನಿಂತಿದ್ದ, ನಾನು ಹಟ ಬಿಟ್ಟೆ. ತಾಂಬಾ ಹತ್ತಿರ ಬರುತ್ತಲೇ ಬೆಲ್ ಹೊಡೆದೆ. ಹೊಸ ಡ್ರೈವರು, "ಇಲ್ಲೆಲ್ಲಿ ಸ್ಟಾಪ್ ಐತ್ರಿ?" ಎಂದು ಕೇಳಿದ. "ಐತಿ, ನಿಂದರಸು" ಎಂದೆ. ಬದುವಿನ ಮೇಲೆ ಈಗ ಇಬ್ಬರು. ಗುರಪ್ಪ ಕಾಕಾ ರಿಟೈರ್ ಆಗಿ, ನೀರಿನ ತಂಬಿಗೆ ಹಿಡಿದು ಹೆಂಡತಿಯ ಹಿಂದೆ ಹೊರಟಿದ್ದರು. ಓಗೊಟ್ಟರು. ಕಾಕಿ ಹೇಳಿದ್ದು ಸುಳ್ಳಲ್ಲ, ಅವರದು ಚಂದದ ಕೂಗಲ್ಲ; ಬೆಳೆಯೊಳಗಿನ ಹಕ್ಕಿಗಳೆಲ್ಲ ಎದ್ದವು.

ಕಾಕಿ ಬಸ್ಸಿನ ಗಾಲಿಗೂ ಒಂದು ಹಿಡಿ ಚೆಲ್ಲಿದರು. ಅಷ್ಟರಲ್ಲಿ ನನ್ನ ಕಿಸೆಯ ಫೋನು ಅದುರತೊಡಗಿತು. ಹೊಲದಿಂದ ರೇಣುಕಾ. ಹಲೋ ಅನ್ನುವ ಪದ್ಧತಿ ಈ ದಿನಕ್ಕಿಲ್ಲ, ನೇರ ಹುಲ್ಲುಲ್ಲಿಗೋ. ಕಿವಿಗಿಟ್ಟುಕೊಂಡೆ, ಗಂಟಲು ಸರಿಮಾಡಿಕೊಳ್ಳಲಿಲ್ಲ.